ಎಂಬೆಸಿ ರೀಟ್: ಕೈಗೆ ಬರುವುದೆಲ್ಲ ಬಾಡಿಗೆಯಲ್ಲ

ಬೆಂಗಳೂರಿನ ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಗೇಟಿನ ಮುಂದೆ ಸಂಜೆ ಆರರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರು ಆ ಕಟ್ಟಡಗಳ ಬಾಡಿಗೆಯಲ್ಲಿ ತಮಗೂ ಪಾಲಿರಬಹುದೆಂದು ಯೋಚಿಸುವುದು ಅಪರೂಪ. ಮಾನ್ಯತಾವನ್ನೂ ಒಳಗೊಂಡ ಎಂಬೆಸಿ ಆಫೀಸ್ ಪಾರ್ಕ್ಸ್ ರೀಟ್ (ಹಲವರ ಹಣ ಒಟ್ಟುಗೂಡಿಸಿ ಬಾಡಿಗೆ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್) 2019ರ ಏಪ್ರಿಲ್ 1ರಂದು ಷೇರುಪೇಟೆಯಲ್ಲಿ ಪಟ್ಟಿಯಾದಾಗ ಅಂಥದೊಂದು ದಾರಿ ದೇಶದಲ್ಲಿ ಮೊದಲ ಬಾರಿಗೆ ತೆರೆಯಿತು. ಆದರೆ ಆಗ ಯೂನಿಟ್ ಎಂಬ ಅದರ ಪಾಲೊಂದಕ್ಕೆ 300 ರೂಪಾಯಿಯಂತೆ ಕನಿಷ್ಠ 800 ಯೂನಿಟ್‌ಗಳಿಗೆ, ಅಂದರೆ 2.40 ಲಕ್ಷ ರೂಪಾಯಿಗೆ ಅರ್ಜಿ ಹಾಕಬೇಕಿತ್ತು. ಒಂದೇ ಯೂನಿಟ್ಟನ್ನೂ ಕೊಳ್ಳಬಹುದೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2021ರಲ್ಲಿ ನಿಯಮ ಬದಲಿಸಿದ ಮೇಲೆ ನನ್ನಂಥವರಿಗೆ ಇದು ಎಟುಕಿತು.

ರೀಟ್ ಪದ್ಧತಿಯ ಬೇರು ಅಮೆರಿಕದ 1960ರ ಕಾನೂನಿನಲ್ಲಿದೆ. ಅದನ್ನು ದೊಡ್ಡ ಹಣದ ವ್ಯವಹಾರವಾಗಿ ಬೆಳೆಸಿದವರಲ್ಲಿ ಷಿಕಾಗೋದ ಸ್ಯಾಮ್ ಝೆಲ್ ಪ್ರಮುಖರು. ಕಾಲೇಜು ದಿನಗಳಲ್ಲಿ ವಿದ್ಯಾರ್ಥಿಗಳ ಬಾಡಿಗೆ ಮನೆಗಳನ್ನು ನೋಡಿಕೊಳ್ಳುತ್ತ ಈ ಉದ್ಯಮಕ್ಕಿಳಿದ ಅವರು, ತಮ್ಮ ಈಕ್ವಿಟಿ ಆಫೀಸ್ ಸಂಸ್ಥೆಯನ್ನು 2007ರ ಫೆಬ್ರವರಿಯಲ್ಲಿ, ಅಮೆರಿಕದ ಆಸ್ತಿ ಮಾರುಕಟ್ಟೆ ಕುಸಿಯುವ ಮುನ್ನ, ಸಾಲವೂ ಸೇರಿ ಸುಮಾರು 39 ಶತಕೋಟಿ ಡಾಲರಿಗೆ ಮಾರಿದರು. ಕೊಂಡದ್ದು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್. ಎಂಬೆಸಿ ಸಮೂಹದೊಡನೆ ನಮ್ಮ ಈ ರೀಟ್ ಹುಟ್ಟುಹಾಕಿದ್ದೂ ಅದೇ ಬ್ಲ್ಯಾಕ್‌ಸ್ಟೋನ್. 2023ರ ಡಿಸೆಂಬರಿನಲ್ಲಿ ಅದು ತನ್ನ ಪಾಲನ್ನೆಲ್ಲ ಮಾರಿ ಹೊರನಡೆಯಿತು. ಆ ಸುದ್ದಿ ಓದಿದ ದಿನ ನನಗೂ ತುಸು ಅಳುಕಾಯಿತು. ಬಾಡಿಗೆದಾರರು ಅವರೇ, ಕಟ್ಟಡಗಳೂ ಅವೇ ಎಂದು ಯೂನಿಟ್‌ಗಳನ್ನು ಹಾಗೆಯೇ ಉಳಿಸಿಕೊಂಡೆ.

ಆಸ್ತಿಯ ಮೌಲ್ಯದಲ್ಲಿ ಶೇ 80ರಷ್ಟಾದರೂ ಕಟ್ಟಿ ಮುಗಿದು ಬಾಡಿಗೆ ತರುವ ಕಟ್ಟಡಗಳಲ್ಲಿರಬೇಕು ಮತ್ತು ಹಂಚಬಹುದಾದ ನಗದಿನಲ್ಲಿ ಶೇ 90ರಷ್ಟನ್ನಾದರೂ ಹಂಚಲೇಬೇಕು ಎಂಬ ನಿಯಮಗಳೇ ಇದರ ದೊಡ್ಡ ಬಲ. ಮೂರು ತಿಂಗಳಿಗೊಮ್ಮೆ ಹಣ ಖಾತೆಗೆ ಬರುತ್ತದೆ. ಒಂದು ಫ್ಲ್ಯಾಟ್ ಕೊಂಡು, ಬಾಡಿಗೆದಾರ ಬಿಟ್ಟುಹೋದಾಗಲೆಲ್ಲ ಸುಣ್ಣಬಣ್ಣ ಮಾಡಿಸಿ, ಅಡ್ವಾನ್ಸ್ ಹಿಂದಿರುಗಿಸಲು ಪರದಾಡಿದವರಿಗೆ ಈ ನೆಮ್ಮದಿಯ ಬೆಲೆ ಗೊತ್ತು.

ನನ್ನ ತಕರಾರಿರುವುದು ಆ ಹಣದ ಲೆಕ್ಕದಲ್ಲಿ. ಖಾತೆಗೆ ಜಮೆಯಾಗುವ ಮೊತ್ತದೊಳಗೆ ಲಾಭಾಂಶ, ಬಡ್ಡಿ ಮತ್ತು ಸಾಲದ ಮರುಪಾವತಿ ಎಂಬ ಬೇರೆ ಬೇರೆ ಭಾಗಗಳಿರುತ್ತವೆ. ಬಡ್ಡಿಯ ಮೇಲೆ ಶೇ 10ರಷ್ಟು ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಕಡಿತವಾಗುತ್ತದೆ. ಸಾಲದ ಮರುಪಾವತಿಯೆಂದರೆ, ಕಟ್ಟಡಗಳ ಒಡೆತನವಿರುವ ಕಂಪನಿಗಳಿಗೆ ಟ್ರಸ್ಟ್ ಕೊಟ್ಟಿದ್ದ ಸಾಲ ವಾಪಸಾಗಿ ನಮ್ಮ ಕೈ ಸೇರುವುದು. ಆದಾಯ ತೆರಿಗೆ ಕಾನೂನಿನ 2023ರ ತಿದ್ದುಪಡಿಯ ನಂತರ ಅದು ನಮ್ಮ ಖರೀದಿ ಬೆಲೆಯಿಂದ ಕಳೆಯುತ್ತ ಹೋಗುವುದರಿಂದ, ಮುಂದೆ ಯೂನಿಟ್ ಮಾರುವಾಗ ತೆರಿಗೆಗೆ ಒಳಪಡುವ ಲಾಭ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ನನ್ನ ಬ್ರೋಕರ್ ಕಳಿಸಿದ ವಾರ್ಷಿಕ ಪಟ್ಟಿಯಲ್ಲಿ ಎಲ್ಲವೂ 'ಡಿವಿಡೆಂಡ್' ಎಂಬ ಒಂದೇ ಸಾಲಿನಲ್ಲಿತ್ತು. ಅದನ್ನೇ ನಂಬಿ ರಿಟರ್ನ್ಸ್ ಸಲ್ಲಿಸಿದ ಮೊದಲ ವರ್ಷ ನಾನು ತಿದ್ದಿದ ರಿಟರ್ನ್ಸ್ ಹಾಕಬೇಕಾಯಿತು. ಈಗ ಪ್ರತಿ ಹಂಚಿಕೆಯ ವಿವರಪಟ್ಟಿಯನ್ನೂ ಇಳಿಸಿಕೊಂಡು ಮೂರು ಅಂಕಣಗಳಲ್ಲಿ ಬರೆದಿಟ್ಟುಕೊಳ್ಳುತ್ತೇನೆ; ಐದು ನಿಮಿಷದ ಕೆಲಸ.