“ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ” ಅಂದರೆ ನಂಬಬೇಡಿ, ಕೆಳಗಿನ ತಾರೀಖು ನೋಡಿ

ಇದು ಕೋಲಾರದ ಹತ್ತಿರ ನಮ್ಮ ಮನೆಯಲ್ಲೇ ನಡೆದದ್ದು. ಅಪ್ಪನ ಖಾತೆಯಿಂದ 48,500 ರೂಪಾಯಿ ಹೋಯಿತು. ನಡೆದು ಎರಡು ತಿಂಗಳಾಯಿತು. ಇಷ್ಟು ದಿನ ಬೈಗುಳ ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಓದಿದವಳಲ್ಲ. ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಲ್ಲಿರುವುದೆಲ್ಲ ಪೆಟ್ಟು ತಿಂದ ಮೇಲೆ ಓದಿ, ಕೇಳಿ ತಿಳಿದುಕೊಂಡದ್ದು.

2023ರ ಜುಲೈ ನಿಮಗೂ ನೆನಪಿರುತ್ತದೆ. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದ ತಿಂಗಳು. ಬಾಕ್ಸಿಗೆ ನೂರು ರೂಪಾಯಿ ಸಿಗದೆ ರಸ್ತೆ ಬದಿ ಸುರಿದು ಬಂದವರು ನಾವು. ಆ ಸಲವೂ ನಮಗಿದ್ದದ್ದು ಮುಕ್ಕಾಲು ಎಕರೆ, ಅದರಲ್ಲಿ ಅರ್ಧ ಎಲೆ ಮುದುಡಿ ಹಾಳಾಗಿತ್ತು. ಆದರೂ ಕೈಗೆ ನಾಲ್ಕು ಕಾಸು ಬಂತು. ಮಂಡಿಯವರು ಬಿಲ್ಲನ್ನೂ ವಾಟ್ಸಾಪಿನಲ್ಲೇ ಕಳಿಸುತ್ತಾರೆ, ಕೂಲಿಯವರೂ ಈಗ ಯುಪಿಐ ಕೇಳುತ್ತಾರೆ. ಹಾಗಾಗಿ ಅಪ್ಪ ಕೀಪ್ಯಾಡ್ ಫೋನ್ ಬಿಟ್ಟು ಒಂದು ಸ್ಮಾರ್ಟ್‌ಫೋನ್ ತಗೊಳ್ಳೋಣ ಅಂದರು. ಆಗಸ್ಟ್ ಮೊದಲ ವಾರ ಪೇಟೆಗೆ ಹೋದೆವು.

ಅಂಗಡಿ ಹುಡುಗ ಒಂದು ಡಬ್ಬ ತೆಗೆದು ಟೇಬಲ್ ಮೇಲಿಟ್ಟ. “ಅಕ್ಕಾ, ಫ್ರೆಶ್ ಪೀಸು. ಡೇಟ್ ನೋಡಿ ಬೇಕಾದ್ರೆ.” ಅಪ್ಪ ಔಷಧಿ ಅಂಗಡಿಯಲ್ಲಿ ಬಾಟಲಿ ತಿರುಗಿಸಿ ನೋಡುವ ಹಾಗೆ ಡಬ್ಬ ತಿರುಗಿಸಿದರು. ಸ್ಟಿಕರ್ ಮೇಲೆ ತಯಾರಾದ ತಿಂಗಳು 06/2023 ಅಂತ ಇತ್ತು. “ಹೊಸದೇ ಕಣಮ್ಮ, ಎರಡು ತಿಂಗಳಷ್ಟೇ” ಅಂದರು. 10,999 ಕೊಟ್ಟು ತಂದೆವು.

ಎಡವಿದ್ದು ಅಲ್ಲೇ. ಆ ತಾರೀಖು ಆ ಒಂದು ಪೀಸು ಫ್ಯಾಕ್ಟರಿಯಿಂದ ಹೊರಬಿದ್ದ ತಿಂಗಳು. ಮಾಡೆಲ್ ಮಾರ್ಕೆಟ್ಟಿಗೆ ಬಂದದ್ದು 2021ರ ಜೂನ್‌ನಲ್ಲಿ. ಕಂಪನಿ ಎರಡು ವರ್ಷ, ಕಳ್ಳರು ಫೋನಿಗೆ ನುಗ್ಗುವ ತೂತುಗಳನ್ನು ಮುಚ್ಚುವ ಸೆಕ್ಯೂರಿಟಿ ಅಪ್‌ಡೇಟ್ ಕೊಡುತ್ತೇನೆ ಅಂದಿತ್ತು. ಆ ಎರಡು ವರ್ಷದ ಲೆಕ್ಕ ಶುರುವಾಗುವುದು ಮಾಡೆಲ್ ಬಿಡುಗಡೆಯಾದ ದಿನದಿಂದ, ನಾವು ದುಡ್ಡು ಕೊಟ್ಟ ದಿನದಿಂದ ಅಲ್ಲ. ಅಂದರೆ ಡಬ್ಬಕ್ಕೆ ಸ್ಟಿಕರ್ ಅಂಟಿಸಿದ ತಿಂಗಳೇ ಅದರ ಅಪ್‌ಡೇಟ್ ಗಡುವೂ ಮುಗಿದಿತ್ತು. ಔಷಧಿ ಬಾಟಲಿ ಮೇಲಾದರೆ ಎಕ್ಸ್‌ಪೈರಿ ಅಚ್ಚು ಹಾಕಿರುತ್ತಾರೆ. ಫೋನ್ ಡಬ್ಬದ ಮೇಲೆ ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇರುತ್ತದೆ.

ಸೆಪ್ಟೆಂಬರ್‌ನಲ್ಲಿ ಒಂದು ಅಪ್‌ಡೇಟ್ ಬಂತು. ನಾನೇ ಡೇರಿಯ ವೈಫೈಯಲ್ಲಿ ಹಾಕಿಕೊಟ್ಟೆ. ಅದೇ ಕೊನೆ.

ಈಗ ಮುಖ್ಯ ಕಥೆ. 2025ರ ಫೆಬ್ರವರಿ, ಮಾಘ ಮಾಸ, ಮದುವೆಗಳ ಭರಾಟೆ. ಮಂಡಿಯ ಗುಮಾಸ್ತರ ನಂಬರಿನಿಂದ ಅಪ್ಪನಿಗೆ ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಅಂತ ಒಂದು ಫೈಲ್ ಬಂತು. ಹೆಸರಿನ ಕೊನೆಗೆ ಎಪಿಕೆ ಅಂತ ಇತ್ತು. ಎಪಿಕೆ ಅಂದರೆ ಆ್ಯಪ್, ಪತ್ರಿಕೆಯೂ ಅಲ್ಲ, ಫೋಟೋನೂ ಅಲ್ಲ. ಅಪ್ಪನಿಗೆ ಅದೆಲ್ಲಿ ಗೊತ್ತು? ಗುಮಾಸ್ತರ ಫೋನ್ ಆಗಲೇ ಕಳ್ಳರ ಕೈಗೆ ಹೋಗಿತ್ತು ಅನ್ನೋದು ಅವರಿಗೂ ಗೊತ್ತಿರಲಿಲ್ಲ. ಪಾಪ, ಅವರದ್ದೂ ಇಪ್ಪತ್ತು ಸಾವಿರ ಹೋಗಿದೆ.

ಅಪ್ಪ ಒತ್ತಿದರು. ಫೋನ್ ಏನೇನೋ ಕೇಳಿತು, ಎಲ್ಲಕ್ಕೂ “ಅನುಮತಿಸಿ” ಅಂತ ಒತ್ತಿದರು. ಪತ್ರಿಕೆ ತೆರೆಯಲಿಲ್ಲ. “ನೆಟ್ ಇಲ್ಲವೇನೋ” ಅಂತ ಸುಮ್ಮನಾದರು. ರಾತ್ರಿ ಹನ್ನೊಂದೂವರೆ ಮೇಲೆ 20,000, ಮತ್ತೆ 20,000, ಆಮೇಲೆ 8,500. ನರ್ಸರಿಯ ಸಸಿಗೆ, ಮಲ್ಚಿಂಗ್ ಪೇಪರಿಗೆ ಅಂತ ಇಟ್ಟಿದ್ದ ದುಡ್ಡು. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದಾಗ ಗೊತ್ತಾಯಿತು.

ಆರು ಗಂಟೆಗೆಲ್ಲ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಈ ನಂಬರನ್ನು ಈಗಲೇ ಸೇವ್ ಮಾಡಿಟ್ಟುಕೊಳ್ಳಿ, ಆಮೇಲೆ ಹುಡುಕುತ್ತಾ ಕೂರೋಕೆ ಪುರುಸೊತ್ತು ಇರಲ್ಲ. ಆ ಕರೆಯಿಂದಲೇ 14,000 ರೂಪಾಯಿಯನ್ನು ಅದು ಹೋಗಿ ಸೇರಿದ್ದ ಖಾತೆಯಲ್ಲಿ ತಡೆಹಿಡಿಯಲು ಆಯಿತು. ಆಮೇಲೆ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೆ ಹೋದೆವು. ಬರೆದುಕೊಳ್ಳುತ್ತಿದ್ದವರು ಕೇಳಿದರು, “ಫೋನ್ ಅಪ್‌ಡೇಟ್ ಮಾಡ್ತಾ ಇದ್ರಾ?” ನಾನು ಜಂಬದಿಂದಲೇ “ಹೂಂ ಸಾರ್” ಅಂದು ಸೆಟ್ಟಿಂಗ್ಸ್ ತೆಗೆದು ತೋರಿಸಿದೆ. ಹಸಿರು ಟಿಕ್ ಮಾರ್ಕು, ಪಕ್ಕದಲ್ಲಿ “ನಿಮ್ಮ ಫೋನ್ ಅಪ್ ಟು ಡೇಟ್ ಆಗಿದೆ.” ಅವರು ಬೆರಳಿಂದ ಸ್ವಲ್ಪ ಕೆಳಗೆ ಸರಿಸಿದರು. ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಸೆಕ್ಯೂರಿಟಿ ಪ್ಯಾಚ್: 5 ಮೇ 2023. ಪ್ಯಾಚ್ ಅಂದರೆ ತೇಪೆ, ಆ ತಾರೀಖಿನವರೆಗಿನ ತೂತುಗಳಿಗೆ ಮಾತ್ರ ತೇಪೆ ಬಿದ್ದಿದೆ ಅಂತ ಅರ್ಥ.

“ಇದು ಯಾವ ಇಸವಿ ಮೇಡಂ?” ಅಂದರು.

ಇಪ್ಪತ್ತೊಂದು ತಿಂಗಳ ಹಳೇ ಬೀಗ. ಮೇಲೆ ಹಸಿರು ಟಿಕ್ಕು!

ಆ ಟಿಕ್ ಹೇಳುವುದು ಇಷ್ಟೇ, ಕಂಪನಿ ಈ ಫೋನಿಗೆ ಕಳಿಸಿದ್ದೆಲ್ಲ ಹಾಕಿದ್ದಾಗಿದೆ ಅಂತ. ಕಂಪನಿ ಏನೂ ಕಳಿಸದಿದ್ದರೂ ಅದು ಹಸಿರಾಗೇ ಇರುತ್ತದೆ. ನಮ್ಮ ಡೇರಿಯಲ್ಲೂ ಎರಡು ವರ್ಷದಿಂದ ಒಂದು ಲೋಟ ಹಾಲು ಹಾಕದವನ ಪುಸ್ತಕದಲ್ಲಿ “ಬಾಕಿ ಇಲ್ಲ” ಅಂತಲೇ ಇರುತ್ತದೆ, ಅಲ್ವಾ?

ಇನ್ನೊಂದು ವಿಷಯ ತಿಳಿದಾಗ ಹೊಟ್ಟೆ ಉರಿಯಿತು. ಸೆಪ್ಟೆಂಬರ್‌ನಲ್ಲಿ ನಾನು ಹಾಕಿದ್ದು ಮೇ ತಿಂಗಳ ಪ್ಯಾಚ್. ಬಂದಾಗಲೇ ನಾಲ್ಕು ತಿಂಗಳು ತಡ. 2015ರಲ್ಲಿ ಸ್ಟೇಜ್‌ಫ್ರೈಟ್ ಅನ್ನೋ ದೊಡ್ಡ ತೂತು ಆಂಡ್ರಾಯ್ಡ್‌ನಲ್ಲಿ ಸಿಕ್ಕಿತು. ಒಂದು ಎಂಎಂಎಸ್ ಕಳಿಸಿಯೇ ಫೋನಿಗೆ ನುಗ್ಗಬಹುದಿತ್ತು. ಅದಾದ ಮೇಲೆ ಆ ವರ್ಷದ ಆಗಸ್ಟ್‌ನಿಂದ ಗೂಗಲ್ ತಿಂಗಳು ತಿಂಗಳು ಸೆಕ್ಯೂರಿಟಿ ಬುಲೆಟಿನ್ ಪ್ರಕಟಿಸುತ್ತಾ ಬಂದಿದೆ. ಎಲ್ಲೆಲ್ಲಿ ತೂತು ಸಿಕ್ಕಿತು, ಹೇಗೆ ಮುಚ್ಚಬೇಕು ಅಂತ ಅದರಲ್ಲಿ ಇರುತ್ತದೆ. ಫೋನ್ ಕಂಪನಿಗಳಿಗೆ ಕನಿಷ್ಠ ಒಂದು ತಿಂಗಳು ಮೊದಲೇ ತಿಳಿಸಿರುತ್ತಾರೆ. ಆದರೂ ತಡವಾಗುತ್ತದೆ. ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗಳ ಭಾಗ ಬರಬೇಕು, ಫೋನ್ ಕಂಪನಿ ಅದನ್ನು ತನ್ನ ಸಾಫ್ಟ್‌ವೇರ್‌ಗೆ ಹೊಂದಿಸಬೇಕು, ಒಂದೊಂದು ಮಾಡೆಲ್‌ನಲ್ಲೂ ಪರೀಕ್ಷೆ ಮಾಡಬೇಕು. ದುಬಾರಿ ಫೋನ್‌ಗಳ ಸರದಿ ಮೊದಲು. ಹತ್ತು ಸಾವಿರದ ಫೋನ್ ಕೊನೇ ಬೆಂಚು.

ಆ ಬುಲೆಟಿನ್ ಕಳ್ಳರೂ ಓದುತ್ತಾರೆ. ಅದು ಹೊರಬಂದ ದಿನವೇ ತೂತು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಫೋನಿಗೆ ಪ್ಯಾಚ್ ಬರುವುದು ನಾಲ್ಕು ತಿಂಗಳು ಬಿಟ್ಟು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋ ಗಾದೆ ಇದಕ್ಕೇ ಮಾಡಿದ ಹಾಗಿದೆ. ಇನ್ನೊಂದು ತಮಾಷೆ ಕೇಳಿ. 2018ರಲ್ಲಿ ಬರ್ಲಿನ್‌ನ ಸೆಕ್ಯೂರಿಟಿ ರಿಸರ್ಚ್ ಲ್ಯಾಬ್ಸ್‌ನವರು ನೂರಾರು ಫೋನ್‌ಗಳ ಸಾಫ್ಟ್‌ವೇರ್ ಪರೀಕ್ಷೆ ಮಾಡಿದಾಗ, ಕೆಲವು ಫೋನ್‌ಗಳಲ್ಲಿ ಪ್ಯಾಚ್ ತಾರೀಖು ಮುಂದೆ ಹೋಗಿತ್ತು, ಒಳಗೆ ಆ ತಿಂಗಳವರೆಗಿನ ಎಲ್ಲ ಪ್ಯಾಚ್‌ಗಳು ಇರಲಿಲ್ಲ. ತಾರೀಖನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ ಅಂದ ಹಾಗಾಯಿತು. ಆದರೆ ನಮ್ಮಂಥವರಿಗೆ ನೋಡೋಕೆ ಸಿಗುವುದು ಅದೊಂದೇ.

ನ್ಯಾಯವಾಗಿ ಹೇಳಬೇಕು ಅಂದರೆ ಎಪಿಕೆ ಒತ್ತಿದ್ದು ಅಪ್ಪನೇ. ಹೊಸ ಫೋನ್ ಇದ್ದಿದ್ದರೂ ಒತ್ತುತ್ತಿದ್ದರು. ಹಾಗಾಗಿ ದುಡ್ಡು ಹೋದದ್ದು ಬರೀ ಪ್ಯಾಚ್ ಇಲ್ಲದ್ದಕ್ಕೆ ಅಂತ ನಾನು ಹೇಳುತ್ತಿಲ್ಲ. ಆದರೆ ಠಾಣೆಯಲ್ಲಿ ನೋಡಿದಾಗ ಆ ಸುಳ್ಳು ಆ್ಯಪ್‌ಗೆ ಆಕ್ಸೆಸಿಬಿಲಿಟಿ ಅನುಮತಿ ಸಿಕ್ಕಿತ್ತು. ಕಣ್ಣು ಕಾಣದವರಿಗೆ ಸಹಾಯ ಆಗಲಿ ಅಂತ ಇರುವ ಸೌಲಭ್ಯ ಅದು. ಕಳ್ಳ ಆ್ಯಪ್ ಕೈಗೆ ಸಿಕ್ಕರೆ ಪರದೆ ಮೇಲಿರುವುದನ್ನು ಓದುತ್ತದೆ, ನಮ್ಮ ಬದಲು ತಾನೇ ಒತ್ತುತ್ತದೆ. ಆಂಡ್ರಾಯ್ಡ್ 13ರಿಂದ, ಹೀಗೆ ಹೊರಗಿನಿಂದ ಹಾಕಿದ ಆ್ಯಪ್ ಆ ಅನುಮತಿ ಕೇಳಿದರೆ ಫೋನ್ ಅದನ್ನು ಮಂಕಾಗಿಸಿ “ನಿರ್ಬಂಧಿತ” ಅನ್ನುತ್ತದೆ. ತೆಗೆಯಬೇಕು ಅಂದರೆ ಇನ್ನೆಲ್ಲೋ ಹೋಗಿ ಮೂರು ಚುಕ್ಕಿ ಒತ್ತಬೇಕು. ಕಳ್ಳರು ಅದಕ್ಕೂ ಕಳ್ಳದಾರಿ ಹುಡುಕಿದ್ದಾರೆ, ನಿಜ. ಆದರೂ ಒಂದು ಅಡ್ಡಗೋಡೆ. ಅಪ್ಪನಿಗೆ ಆ ಮೂರು ಚುಕ್ಕಿ ಯಾವ ಜನ್ಮಕ್ಕೂ ಸಿಗುತ್ತಿರಲಿಲ್ಲ. ಅವರ ಫೋನ್ ನಿಂತಿದ್ದದ್ದು ಆಂಡ್ರಾಯ್ಡ್ 12ರಲ್ಲಿ. ಒಂದೇ ಮೆಟ್ಟಿಲು ಕೆಳಗೆ.

ಕಂಪನಿಗೆ ಮೇಲ್ ಹಾಕಿದೆ. ಈ ಮಾಡೆಲ್‌ನ ಅವಧಿ ಮುಗಿದಿದೆ, ನಮ್ಮ ಹೊಸ ಮಾಡೆಲ್‌ಗಳನ್ನು ನೋಡಿ ಅಂತ ಉತ್ತರ, ಜೊತೆಗೆ ಆಫರ್‌ನ ಚಿತ್ರ. ಕಂಪನಿ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಆ ಒಂದು ಬ್ರ್ಯಾಂಡ್ ಬಿಟ್ಟರೆ ಸಾಕು ಅಂದುಕೊಳ್ಳುತ್ತೀರಿ.

ಬ್ಯಾಂಕಿನವರು “ಅನುಮತಿ ನೀವೇ ಕೊಟ್ಟಿದ್ದೀರಲ್ಲ” ಅಂದರು. 2017ರ ಆರ್‌ಬಿಐ ಸುತ್ತೋಲೆ ಪ್ರಕಾರ ಗ್ರಾಹಕರ ಅಜಾಗ್ರತೆಯಿಂದ ಹೋದದ್ದು ದೂರು ಕೊಡುವವರೆಗೆ ಗ್ರಾಹಕರ ಮೇಲೇ, ದೂರು ಕೊಟ್ಟ ಮೇಲೆ ಹೋದದ್ದು ಬ್ಯಾಂಕಿನ ಮೇಲೆ. ಅದಕ್ಕೇ ಗೊತ್ತಾದ ನಿಮಿಷವೇ ಬ್ಯಾಂಕಿಗೂ ತಿಳಿಸಿ. ಬೆಳಗಾಗಲಿ, ಬಾಗಿಲು ತೆಗೆಯಲಿ ಅಂತ ಕಾಯಬೇಡಿ.

ಈ ಸಲ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳಲೇ ಇಲ್ಲ. ಈ ಮಾಡೆಲ್ ಯಾವ ತಿಂಗಳು ಬಿಡುಗಡೆಯಾಯಿತು, ಸೆಕ್ಯೂರಿಟಿ ಅಪ್‌ಡೇಟ್ ಯಾವ ಇಸವಿವರೆಗೆ, ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಅಂತ ಕೇಳಿದೆ. ಮೂರು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಂಪನಿಗಳ ವೆಬ್‌ಸೈಟಿನಲ್ಲೇ ನೋಡಬೇಕಾಯಿತು. ಒಂದಕ್ಕೊಂದು ಎಷ್ಟು ವ್ಯತ್ಯಾಸ ಗೊತ್ತಾ! ಗೂಗಲ್ 2023ರ ಪಿಕ್ಸೆಲ್ 8ರಿಂದ ಏಳು ವರ್ಷ ಕೊಡುತ್ತೇನೆ ಅಂದಿದೆ. ಸ್ಯಾಮ್‌ಸಂಗ್ 2024ರ ಎಸ್24ಕ್ಕೂ ಏಳು, ಕಡಿಮೆ ಬೆಲೆಯ ಎ16ಕ್ಕೆ ಆರು ವರ್ಷ ಅಂದಿದೆ. ಯಾವ ಮಾಡೆಲ್‌ಗೆ ತಿಂಗಳಿಗೊಮ್ಮೆ, ಯಾವುದಕ್ಕೆ ಮೂರು ತಿಂಗಳಿಗೊಮ್ಮೆ ಅನ್ನೋ ಪಟ್ಟಿಯನ್ನೂ ಅವರು ಹಾಕುತ್ತಾರೆ. ಮಾಡೆಲ್ ಹಳತಾದ ಹಾಗೆ ತಿಂಗಳ ಪಟ್ಟಿಯಿಂದ ಕೆಳಗಿಳಿಸುತ್ತಾರೆ ಅನ್ನೋದೂ ನೆನಪಿರಲಿ. ಆಪಲ್‌ನವರು 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯೂರಿಟಿ ಅಪ್‌ಡೇಟ್ ಕೊಟ್ಟಿದ್ದರು. ಐಫೋನ್ ಬೆಲೆಗೆ ನಮ್ಮ ಬೋರ್‌ವೆಲ್‌ಗೆ ಹೊಸ ಮೋಟಾರ್ ಬರುತ್ತದೆ, ಆ ಮಾತು ಬೇರೆ. ಆಫರ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಎರಡು ವರ್ಷದ ಹಿಂದಿನ ಮಾಡೆಲ್ ಹೊತ್ತು ತರಬೇಡಿ. ಏಳರಲ್ಲಿ ಎರಡು ಕಳೆದರೆ ಐದಾದರೂ ಉಳಿಯುತ್ತದೆ, ಎರಡರಲ್ಲಿ ಎರಡು ಕಳೆದರೆ ಸೊನ್ನೆ.

ಎಲ್ಲರಿಗೂ ಈಗಲೇ ಫೋನ್ ಬದಲಿಸೋಕೆ ಆಗಲ್ಲ, ಗೊತ್ತು. ಅಮ್ಮನದ್ದೂ ಅದೇ ಥರದ ಹಳೇ ಫೋನು. ಅದರಲ್ಲಿ ನಾನು ಮಾಡಿದ್ದು ಹೇಳುತ್ತೇನೆ. ಮುಖ್ಯ ಖಾತೆಯನ್ನು ಯುಪಿಐನಿಂದ ತೆಗೆದು, ಎರಡು ಸಾವಿರ ಮಾತ್ರ ಇರುವ ಬೇರೆ ಖಾತೆ ಸೇರಿಸಿದೆ. ಮುಖ್ಯ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರಿನ ಸಿಮ್ಮನ್ನು ಕೀಪ್ಯಾಡ್ ಫೋನಿಗೆ ಹಾಕಿದೆ, ಓಟಿಪಿ ಅಲ್ಲಿಗೇ ಬರಲಿ ಅಂತ. ವಾಟ್ಸಾಪಿನಿಂದ ಆ್ಯಪ್ ಹಾಕುವ ಅನುಮತಿ ಆಫ್ ಮಾಡಿದೆ. ಕ್ರೋಮ್ ಮತ್ತು ವೆಬ್‌ವ್ಯೂ (ಬೇರೆ ಆ್ಯಪ್‌ಗಳ ಒಳಗೆ ವೆಬ್ ಪುಟ ತೋರಿಸುವ ಭಾಗ) ಪ್ಲೇ ಸ್ಟೋರ್‌ನಿಂದಲೇ ಅಪ್‌ಡೇಟ್ ಆಗುತ್ತವೆ, ಅದಕ್ಕೆ ಫೋನ್ ಕಂಪನಿಯ ಹಂಗಿಲ್ಲ. ಆಂಡ್ರಾಯ್ಡ್ 10 ಮತ್ತು ಅದರ ನಂತರದ ಫೋನ್‌ಗಳಲ್ಲಿ “ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್” ಅಂತ ಬೇರೆಯೇ ಒಂದು ಸಾಲಿರುತ್ತದೆ, ಅದನ್ನೂ ಒತ್ತಿ ನೋಡಿ. ಒಂದಿಷ್ಟು ತೂತು ಅಲ್ಲಿಂದಲೂ ಮುಚ್ಚುತ್ತವೆ, ಎಲ್ಲವೂ ಅಲ್ಲ. ಚಿಪ್‌ಗೆ ಸಂಬಂಧಿಸಿದ್ದನ್ನು ಕಂಪನಿಯೇ ಕಳಿಸಬೇಕು.

ತಡೆಹಿಡಿದ 14,000 ಬಿಡಿಸಿಕೊಳ್ಳೋಕೆ ಕೋರ್ಟ್ ಆದೇಶ ಬೇಕು ಅಂದಿದ್ದಾರೆ. ಅರ್ಜಿ ಹಾಕಿದ್ದೇವೆ. ಈ ಸಲದ ಸಸಿಯನ್ನು ನರ್ಸರಿಯವರು ಸಾಲಕ್ಕೆ ಕೊಟ್ಟರು.