ಅಗ್ಗದ ಪೆನ್ನಿನ ನಿಬ್ಬು: ತೀಡಿಸುವುದೋ, ಬದಲಿಸುವುದೋ?

ಲಾಮಿ ಸಫಾರಿ, ಪೈಲಟ್ ಮೆಟ್ರೊಪಾಲಿಟನ್, ಜಿನ್ಹಾವೊ ಎಕ್ಸ್450: ಮೂರೂ ಉಕ್ಕಿನ ನಿಬ್ಬಿನ ಶಾಯಿ ಪೆನ್ನುಗಳು, ಮೂರೂ ಮೀಡಿಯಂ (ಮಧ್ಯಮ ದಪ್ಪದ ಗೆರೆಯವು). ನಿಬ್ಬು ತೀಡಿಸುವ, ಅಂದರೆ ತುದಿಯನ್ನು ಉಜ್ಜಿಸಿ ಬೇಕಾದ ಆಕಾರಕ್ಕೆ ತರಿಸುವ ಕೂಲಿ ಜಿನ್ಹಾವೊದ ಬೆಲೆಯನ್ನೇ ಮೀರಬಹುದು. ಅಲ್ಲಿ ಮೂಗಿಗಿಂತ ಮೂಗುತಿ ಭಾರ.

ಕೆರೆಯುತ್ತದೆ ಎಂಬ ಒಂದೇ ದೂರಿಗೆ ತೀಡಿಸಲು ಹೋಗಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ತುದಿಯನ್ನು ಎದುರಿನಿಂದ ನೋಡಿ. ಸೀಳಿನ ಒಂದು ಕವಲು ಮೇಲೆ, ಇನ್ನೊಂದು ಕೆಳಗೆ ಇದ್ದರೆ ಪೆನ್ನು ಒಂದು ದಿಕ್ಕಿನಲ್ಲಿ ಮಾತ್ರ ಕೆರೆಯುತ್ತದೆ. ಮೇಲೆದ್ದ ಕವಲನ್ನು ಉಗುರಿನಿಂದ ಮೆಲ್ಲಗೆ ಒತ್ತಿ ಸಮ ಮಾಡಿದರೆ ಆಯಿತು. ಶಾಯಿ ಕಡಿಮೆ ಇಳಿಯುತ್ತಿದ್ದರೆ 0.05 ಮಿ.ಮೀ. ಹಿತ್ತಾಳೆ ಹಾಳೆಯನ್ನು ಸೀಳಿನಲ್ಲಿ ಎರಡು ಮೂರು ಸಲ ಆಡಿಸಿ. ಆಮೇಲೂ ಒರಟೆನಿಸಿದರೆ ಶಾಯಿ ತುಂಬಿದ ಪೆನ್ನನ್ನು 12000 ಗ್ರಿಟ್ಟಿನ ಮೈಕ್ರೊಮೆಶ್ (ಬಲು ನಯವಾದ ಉಜ್ಜುಹಾಳೆ) ಮೇಲೆ ಒತ್ತದೆ ಇಂಗ್ಲಿಷಿನ 8ರ ಆಕಾರದಲ್ಲಿ ಹತ್ತು ಸುತ್ತು ಆಡಿಸಿ, ಬರೆದು ನೋಡಿ. ಇಲ್ಲಿ ಆಸೆಬುರುಕತನ ಬೇಡ. ಉಜ್ಜುವುದು ಅತಿಯಾದರೆ ಸೀಳಿನ ಒಳ ಅಂಚು ದುಂಡಾಗಿ ಶಾಯಿ ಕಾಗದ ಮುಟ್ಟುವುದಿಲ್ಲ, ಪ್ರತಿ ಅಕ್ಷರದ ಆರಂಭವೂ ತಪ್ಪುತ್ತದೆ.

ದಪ್ಪ-ತೆಳು ಗೆರೆ ಬೇಕಾದವರಿಗೆ ಬದಲಿ ನಿಬ್ಬು ಅಗ್ಗ. ಸಫಾರಿಯ ನಿಬ್ಬಿಗೆ ಅಂಟುಟೇಪು ಹಚ್ಚಿ ನೇರ ಮುಂದಕ್ಕೆ ಎಳೆದರೆ ಕಳಚುತ್ತದೆ, ಅಲ್ಲಿಗೆ 1.1 ಮಿ.ಮೀ. ಅಗಲದ ಚಪ್ಪಟೆ ತುದಿಯ ನಿಬ್ಬು ಜಾರಿಸಿದರೆ ಮುಗಿಯಿತು. ಪೈಲಟ್‌ಗೆ ಅದೇ ಕಂಪನಿಯ ಪ್ಲುಮಿಕ್ಸ್ ಪೆನ್ನಿನ ಇಟಾಲಿಕ್ (ಚಪ್ಪಟೆ ತುದಿಯ) ನಿಬ್ಬು ಕೂರುತ್ತದೆ. ಜಿನ್ಹಾವೊದಲ್ಲಿ ಫೀಡ್ (ನಿಬ್ಬಿನಡಿ ಶಾಯಿ ಹರಿಸುವ ಭಾಗ) ಸಮೇತ ಹಿಡಿದೆಳೆದು ಆರನೇ ಅಳತೆಯ ಬೇರೆ ನಿಬ್ಬು ಹಾಕಬಹುದು.

ತೊಡಕು ಬರುವುದು ಕನ್ನಡ ಬರೆಯುವಾಗ. ಮಾಮೂಲಿ ಗೆರೆಪುಸ್ತಕದಲ್ಲಿ 1.1 ನಿಬ್ಬಿನಿಂದ ‘ರಾಷ್ಟ್ರ’, ‘ಲಕ್ಷ್ಮಿ’ ಬರೆದರೆ ಒತ್ತಕ್ಷರಗಳು ಮಸಿ ಮುದ್ದೆ. ‘ಠ’ದ ಹೊಟ್ಟೆಯ ಚುಕ್ಕೆ ತುಂಬಿಕೊಂಡು ಅಕ್ಷರವೇ ಗುರುತು ಸಿಗುವುದಿಲ್ಲ. ನಮ್ಮ ದುಂಡಕ್ಷರಕ್ಕೆ 0.6–0.7 ಮಿ.ಮೀ. ಅಗಲ, ಮೂಲೆಗಳನ್ನು ಸವರಿದ ಇಟಾಲಿಕ್ ತುದಿ ಚೆನ್ನ; ಕಾರ್ಖಾನೆಯ ನಿಬ್ಬುಗಳಲ್ಲಿ ಅದು ಅಪರೂಪ. ತೀಡಿಸುವ ಖರ್ಚಿಗೆ ಅರ್ಥವಿರುವುದು ಇಲ್ಲಿ ಮಾತ್ರ.

ಅದೂ ಎಲ್ಲ ಪೆನ್ನಿಗಲ್ಲ. ತೀಡಲು ತುದಿಯ ಗಟ್ಟಿಲೋಹದ ಗುಂಡು ದಪ್ಪವಿರಬೇಕು. ಜಪಾನಿನ ಮೀಡಿಯಂ ಜರ್ಮನಿಯದಕ್ಕಿಂತ ತೆಳು, ಹಾಗಾಗಿ ಪೈಲಟ್‌ನಲ್ಲಿ ಕಳೆಯಲು ಲೋಹ ಸಾಲದು. ಜಿನ್ಹಾವೊದಲ್ಲಿ ಗುಂಡು ನಿಬ್ಬಿನಿಂದ ನಿಬ್ಬಿಗೆ ಬೇರೆ. ಅದು ಸವೆದು ಉಕ್ಕು ಬಯಲಾದರೆ ನಿಬ್ಬು ಬೇಗ ಹಾಳು. ತೀಡುವ ಕೈ ಪಳಗಿಸಿಕೊಳ್ಳಲು ಮಾತ್ರ ಜಿನ್ಹಾವೊಗಿಂತ ಒಳ್ಳೆಯದಿಲ್ಲ. ದುಡ್ಡು ಕೊಟ್ಟು ತೀಡಿಸುವುದಾದರೆ ಸಫಾರಿಯ ಮೀಡಿಯಂ ಅಥವಾ ಬ್ರಾಡ್ ಇರಲಿ. ನಿಬ್ಬನ್ನಷ್ಟೇ ಕಳಿಸದೆ ಪೆನ್ನನ್ನೇ ಕಳಿಸಿ. ಶಾಯಿಯ ಹರಿವು ಹೊಂದಿಸಬೇಕಾದದ್ದು ಅದೇ ಫೀಡ್ ಮೇಲೆ. ಜೊತೆಗೆ ಒತ್ತಕ್ಷರಗಳಿರುವ ನಿಮ್ಮ ಕೈಬರಹದ ಒಂದು ಹಾಳೆ ಇಡಿ, ಎಡಗೈಯೋ ಬಲಗೈಯೋ, ಯಾವ ಶಾಯಿ ಎಂಬುದನ್ನೂ ಬರೆಯಿರಿ.