ಉಚಿತ ಕಾನೂನು ನೆರವು ಮತ್ತು ಸಾಕ್ಷಿಯ ಬೆಂಚು: ಸಿದ್ದಿ ಬಳಕೆದಾರನೊಬ್ಬನ ವಿಮರ್ಶೆ

ಉತ್ತರ ಕನ್ನಡದಲ್ಲಿರುವ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವನೊಬ್ಬನಿಗೆ ವಕೀಲರ ಶುಲ್ಕ ಕೊಡುವ ಶಕ್ತಿ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಕಾನೂನಿನ ಪ್ರಕಾರ ಏಳುವುದೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರುವವರಿಗೆ ವರಮಾನ ನೋಡದೆ ವಕೀಲರನ್ನು ಒದಗಿಸಬೇಕು. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಳಿಯಾಳದ ಗಡಿ ದಾಟಿದರೆ ಸಿಗುವ ಧಾರವಾಡ ಜಿಲ್ಲೆಯ ಮತ್ತು ಬೆಳಗಾವಿಯ ನಮ್ಮ ನೆಂಟರು ಇದೇ ಸೌಲಭ್ಯಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಈ ಸೇವೆಯನ್ನು ನಮ್ಮ ಮನೆಯವರು ಬಳಸಿದ್ದೇವೆ. ಅದೇ ಕಾಲದಲ್ಲಿ ನಾನು ಬೇರೊಂದು ಪ್ರಕರಣದಲ್ಲಿ ಸಾಕ್ಷಿಯಾಗಿಯೂ ನ್ಯಾಯಾಲಯಕ್ಕೆ ಓಡಾಡಿದ್ದರಿಂದ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ನ್ಯಾಯಾಲಯ ಯಾವುದು ಎಂದು ಹೆಸರಿಸುವುದಿಲ್ಲ. ಕರಾವಳಿಯದು ಎಂದಷ್ಟು ತಿಳಿದರೆ ಸಾಕು.

ಮೊದಲು ಒಳ್ಳೆಯ ಭಾಗವನ್ನು ಹೇಳುತ್ತೇನೆ. ಅಂಕೋಲಾ–ಯಲ್ಲಾಪುರ ಹೆದ್ದಾರಿಯಲ್ಲಿ ಲಾರಿ ಬಡಿದು ನನ್ನ ಅಕ್ಕನ ಕಾಲು ಮುರಿದಿತ್ತು. ಪರಿಹಾರದ ಅರ್ಜಿ ಹಾಕಿಸುತ್ತೇನೆ, ಬಂದ ಹಣದಲ್ಲಿ ಪಾಲು ಕೊಟ್ಟರಾಯಿತು ಎಂದು ಆಸ್ಪತ್ರೆಯ ಬಾಗಿಲಲ್ಲೇ ಒಬ್ಬ ಮಧ್ಯವರ್ತಿ ಗಂಟುಬಿದ್ದಿದ್ದ. ಅವನನ್ನು ಬಿಟ್ಟು ನಾವು 15100 ಎಂಬ ಸಹಾಯವಾಣಿಗೆ ಕರೆ ಮಾಡಿ, ಅವರು ಹೇಳಿದಂತೆ ನ್ಯಾಯಾಲಯದ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋದೆವು. ಒಂದು ಪುಟದ ಅರ್ಜಿ, ಜಾತಿ ಪ್ರಮಾಣಪತ್ರದ ನಕಲು, ಆಧಾರ್ ಕಾರ್ಡು, ಪೊಲೀಸ್ ದಾಖಲೆಗಳು ಇವಿಷ್ಟೇ ಸಾಕಾದವು. ನೇಮಕವಾದ ವಕೀಲರು ವಯಸ್ಸಿನಲ್ಲಿ ಚಿಕ್ಕವರು, ಕುಮಟಾ ಕಡೆಯವರು. ಅಕ್ಕನಿಗೆ ಕನ್ನಡ ಅರ್ಥವಾಗುತ್ತದೆಯಾದರೂ ಗಾಬರಿಯಾದಾಗ ಬಾಯಿಗೆ ಬರುವುದು ನಮ್ಮ ಮನೆಯ ಕೊಂಕಣಿಯೇ. ವಕೀಲರು ಅದನ್ನು ಗಮನಿಸಿ ತಮ್ಮ ಕೊಂಕಣಿಗೆ ತಿರುಗಿದರು. ಅವರ ಕೊಂಕಣಿಗೂ ನಮ್ಮದಕ್ಕೂ ಸಾಕಷ್ಟು ವ್ಯತ್ಯಾಸವಿದ್ದರೂ ಮಾತು ನಡೆಯಿತು.

ಪುಕ್ಕಟೆ ಸಿಗುವ ವಕೀಲರು ಕೆಲಸವನ್ನೂ ಪುಕ್ಕಟೆಯಂತೆಯೇ ಮಾಡುತ್ತಾರೆ ಎಂಬ ಮಾತು ನಮ್ಮ ಕಡೆ ಬಹಳ ಚಾಲ್ತಿಯಲ್ಲಿದೆ. ನಮ್ಮ ಅನುಭವ ಹಾಗಿರಲಿಲ್ಲ. ಪ್ರಕರಣವನ್ನು, ರಾಜಿಯಿಂದ ವ್ಯಾಜ್ಯ ಮುಗಿಸುವ ಲೋಕ ಅದಾಲತ್ತಿಗೆ ಇಡುವ ಮೊದಲು ಅವರು ಹಳೆಯ ಪ್ರಕರಣಪಟ್ಟಿಯೊಂದರ ಹಿಂಬದಿಯಲ್ಲಿ ಉದ್ದ ಗೆರೆಗಳನ್ನು ಎಳೆದು, ಆಸ್ಪತ್ರೆಯ ಖರ್ಚು ಒಂದು ಕಡೆ, ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿ ಇನ್ನೊಂದು ಕಡೆ, ಕಾಲಿನ ಊನಕ್ಕೆ ವೈದ್ಯರು ಬರೆದ ಪ್ರಮಾಣ ಮತ್ತೊಂದು ಕಡೆ ಹಾಕಿ, ವಿಮಾ ಕಂಪನಿಯವರು ಎಲ್ಲಿ ಕಡಿತ ಮಾಡಲು ನೋಡುತ್ತಾರೆ ಎಂಬುದನ್ನು ಪೆನ್ನಿನ ತುದಿಯಿಂದ ತೋರಿಸಿದರು. "ಅಕ್ಕ, ಅದಾಲತ್ತಿನಲ್ಲಿ ರಾಜಿಗೆ ಸಹಿ ಹಾಕಿದರೆ ಅದೇ ಡಿಕ್ರಿ, ಆಮೇಲೆ ಮೇಲ್ಮನವಿ ಇಲ್ಲ. ಮನಸ್ಸು ಒಪ್ಪದಿದ್ದರೆ ಇಲ್ಲ ಅಂತ ಹೇಳಿ ಬನ್ನಿ, ಕೇಸು ಮೊದಲಿನ ಹಾಗೆ ನಡೆಯುತ್ತದೆ" ಎಂದು ಅವರು ಹೇಳಿದ್ದೇ ಈ ಸೇವೆಯ ನಿಜವಾದ ಬೆಲೆ ಎಂದು ನಾನು ತಿಳಿಯುತ್ತೇನೆ. ಏಕೆಂದರೆ ಅದಾಲತ್ತಿನ ದಿನ ರಾಜಿಯಾದ ಪ್ರಕರಣಗಳ ಎಣಿಕೆಗೆ ಬಹಳ ಮಹತ್ವವಿರುತ್ತದೆ, ಮತ್ತು ಆ ಅವಸರದಲ್ಲಿ ಬಡವರ ಮೌನವನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಸುಲಭ. ಅಕ್ಕ ಮೊದಲ ಮೊತ್ತಕ್ಕೆ ಒಪ್ಪಲಿಲ್ಲ. ಪೀಠದಲ್ಲಿದ್ದ ನ್ಯಾಯಾಧೀಶರು ಬೇಸರಿಸದೆ ವಿಮಾ ಕಂಪನಿಯ ವಕೀಲರನ್ನು ಇನ್ನೊಮ್ಮೆ ಕೇಳಿದರು, ಮೊತ್ತ ಏರಿತು, ಅವಳು ಸಹಿ ಹಾಕಿದಳು.

ಇನ್ನು ಬಾಗಿಲಿನ ವಿಷಯ. ಆವರಣದ ಗೇಟಿನಲ್ಲಿ ಎಲ್ಲರನ್ನೂ ಒಂದೇ ರೀತಿ ತಪಾಸಣೆ ಮಾಡಿದರೆ ನನ್ನ ತಕರಾರಿಲ್ಲ. ಆದರೆ ನನ್ನ ಮುಂದೆ ಹೋದವರಿಗೆ "ಯಾವ ಕೋರ್ಟು?" ಎಂಬ ಪ್ರಶ್ನೆಯಾದರೆ ನನಗೆ "ಯಾವ ದೇಶ?" ಎಂಬ ಪ್ರಶ್ನೆ ಬಂತು. ಯಲ್ಲಾಪುರ ಎಂದು ಕನ್ನಡದಲ್ಲಿಯೇ ಉತ್ತರಿಸಿದ ಮೇಲೂ ಗುರುತಿನ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಳಗೆ ಹೋಗಿ ಸಮನ್ಸು ತೋರಿಸುವ ಮೊದಲೇ ಸಿಬ್ಬಂದಿಯೊಬ್ಬರು "ಆರೋಪಿಗಳು ಆ ಕಡೆ ನಿಲ್ಲಿ" ಎಂದು ಕೈ ತೋರಿಸಿದರು. ನಾನು ಬಂದಿದ್ದು ಪಂಚನಾಗಿ, ಅಂದರೆ ಜಪ್ತಿಯನ್ನು ಕಂಡ ಸಾಕ್ಷಿಯಾಗಿ. ಗಂಗಾವಳಿ ನದಿಯ ದಡದಲ್ಲಿ ಅಕ್ರಮ ಮರಳು ತುಂಬಿದ ಟಿಪ್ಪರ್ ಜಪ್ತಿಯಾದಾಗ ದಾರಿಯಲ್ಲಿ ಹೋಗುತ್ತಿದ್ದ ನನ್ನನ್ನು ಪೊಲೀಸರು ಕರೆದು ಪಂಚನಾಮೆಗೆ ಸಹಿ ಹಾಕಿಸಿಕೊಂಡಿದ್ದರು. ಕಂಡದ್ದನ್ನು ಕಂಡ ಹಾಗೆ ಹೇಳುವುದು ನಾಗರಿಕನ ಕೆಲಸ ಎಂದುಕೊಂಡು ಸಹಿ ಹಾಕಿದ್ದೆ. ಸರ್ಕಾರದ ಪರವಾಗಿ ಸಾಕ್ಷಿ ಹೇಳಲು ಸರ್ಕಾರವೇ ಕರೆಸಿದವನನ್ನು ಮುಖ ನೋಡಿಯೇ ಆರೋಪಿಗಳ ಸಾಲಿಗೆ ಕಳಿಸುವ ಕಚೇರಿಗೆ, ಉಳಿದುದರಲ್ಲಿ ಎಷ್ಟೇ ಚೆನ್ನಾಗಿರಲಿ, ಪೂರ್ಣ ಅಂಕ ಕೊಡಲು ಬರುವುದಿಲ್ಲ.

ಈ ಅನುಭವವನ್ನು ಅಳೆಯಲು ನಾನು ಬಳಸುವ ಅಳತೆಗೋಲು ಅಮೆರಿಕದ ಕಪ್ಪು ನಾಗರಿಕರದು. ನಮ್ಮ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅವರ ಪೂರ್ವಿಕರನ್ನು ಬೇರೆ ಹಡಗುಗಳು ಬೇರೆ ದಿಕ್ಕಿಗೆ ಒಯ್ದವು. ಅಲ್ಲಿ ಗಂಭೀರ ಅಪರಾಧದ ಆರೋಪಿ ತಪ್ಪಿತಸ್ಥನೇ ಅಲ್ಲವೇ ಎಂಬುದನ್ನು ಪ್ರಕರಣ ಪೂರ್ಣ ವಿಚಾರಣೆಗೆ ಬಂದಾಗ ಸಾಮಾನ್ಯವಾಗಿ ತೀರ್ಮಾನಿಸುವುದು ಜ್ಯೂರಿ, ಅಂದರೆ ಅಂಚೆಯಲ್ಲಿ ಕರೆ ಬಂದು ಹಾಜರಾದ ಸಾಮಾನ್ಯ ನಾಗರಿಕರು. ಬಿಳಿಯ ಗಂಡಸರಷ್ಟೇ ಜ್ಯೂರಿಯಲ್ಲಿ ಕೂರಬೇಕೆಂಬ ಪಶ್ಚಿಮ ವರ್ಜೀನಿಯಾದ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 1880ರಲ್ಲಿಯೇ ತಳ್ಳಿಹಾಕಿತ್ತು. ಆದರೂ ಕಾರಣ ಹೇಳದೆ ಒಂದಿಷ್ಟು ಮಂದಿಯನ್ನು ಬೇಡವೆನ್ನುವ ಹಕ್ಕು ಎರಡೂ ಕಡೆಯ ವಕೀಲರಿಗೆ ಇದ್ದುದರಿಂದ, ಕರೆಸಿಕೊಂಡ ಕಪ್ಪು ನಾಗರಿಕರನ್ನು ಸಾಲಾಗಿ ಮನೆಗೆ ಕಳಿಸುವುದು ನಡೆದೇ ಇತ್ತು. ಬಣ್ಣದ ಕಾರಣಕ್ಕೆ ಹಾಗೆ ಮಾಡಕೂಡದು ಎಂದು 1986ರಲ್ಲಿ ಬ್ಯಾಟ್ಸನ್ ಪ್ರಕರಣದ ತೀರ್ಪು ಬಂದ ಮೇಲೆ ವಕೀಲರು ಬೇರೆ ಕಾರಣಗಳನ್ನು ಹುಡುಕಿದರು. 2016ರಲ್ಲಿ ತೀರ್ಪಾದ ಜಾರ್ಜಿಯಾದ ಫಾಸ್ಟರ್ ಪ್ರಕರಣದಲ್ಲಿ ಪ್ರಾಸಿಕ್ಯೂಷನ್ನಿನ ಕಡತ ಹೊರಬಂದಾಗ, ಪಟ್ಟಿಯಲ್ಲಿದ್ದ ಕಪ್ಪು ನಾಗರಿಕರ ಹೆಸರುಗಳಿಗೆ ಹಸಿರು ಬಣ್ಣ ಬಳಿದು ಪಕ್ಕದಲ್ಲಿ 'ಬಿ' (ಬ್ಲ್ಯಾಕ್, ಅಂದರೆ ಕಪ್ಪು) ಅಕ್ಷರ ಬರೆದಿದ್ದುದು ಕಂಡಿತು. ಮಿಸಿಸಿಪ್ಪಿಯ ಕರ್ಟಿಸ್ ಫ್ಲವರ್ಸ್ ಎಂಬ ಕಪ್ಪು ಮನುಷ್ಯನನ್ನು ಒಂದೇ ಆರೋಪದ ಮೇಲೆ ಆರು ಸಲ ವಿಚಾರಣೆಗೆ ಗುರಿಪಡಿಸಿದರು. ಆ ಆರರಲ್ಲಿ ಪ್ರಾಸಿಕ್ಯೂಟರ್ ತೆಗೆದುಹಾಕಬಹುದಾಗಿದ್ದ 42 ಕಪ್ಪು ಅಭ್ಯರ್ಥಿಗಳಲ್ಲಿ 41 ಮಂದಿಯನ್ನು ತೆಗೆದುಹಾಕಿದ್ದರು. 2019ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ರದ್ದುಪಡಿಸಿತು, ಮರುವರ್ಷ ಆರೋಪಗಳನ್ನೇ ಕೈಬಿಡಲಾಯಿತು.

ಇದನ್ನೆಲ್ಲ ಓದಿದಾಗ ನನಗೆ ಅನುಕಂಪದ ಜೊತೆಗೆ ಸ್ವಲ್ಪ ಅಸೂಯೆಯೂ ಆಗುತ್ತದೆ ಎಂದರೆ ವಿಚಿತ್ರವೆನಿಸಬಹುದು. ಅಲ್ಲಿನ ಕಪ್ಪು ನಾಗರಿಕನನ್ನು ಎಬ್ಬಿಸಿ ಕಳಿಸಬೇಕಾದರೆ ಮೊದಲು ಅವನಿಗೊಂದು ಕುರ್ಚಿ ಇರಬೇಕಾಗುತ್ತದೆ. ಎಬ್ಬಿಸಿದ್ದಕ್ಕೆ ದಾಖಲೆ ಉಳಿಯುತ್ತದೆ, ಎಣಿಸಬಹುದು, ಮೇಲಿನ ಕೋರ್ಟಿನಲ್ಲಿ ಕೇಳಬಹುದು. ನಮ್ಮಲ್ಲಿ ಆ ಕುರ್ಚಿಯೇ ಇಲ್ಲ. ಹಿಂದೆ ಇಲ್ಲಿಯೂ ಜ್ಯೂರಿ ಇದ್ದಾಗ, ಕೊಲೆ ಆರೋಪ ಹೊತ್ತ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಮುಂಬಯಿಯ ಜ್ಯೂರಿ ಎಂಟು ಒಂದರ ಬಹುಮತದಿಂದ ಆರೋಪಿ ನಿರ್ದೋಷಿ ಎಂದದ್ದು, ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಅದು ಸರಿಯಾದ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಊರಿನ ದೊಡ್ಡ ಮನೆಗಳವರೇ ತುಂಬಿದ ಜ್ಯೂರಿಯ ಎದುರು ಸಿದ್ದಿ ಕೂಲಿಯವನೊಬ್ಬ ಆರೋಪಿಯಾಗಿ ನಿಲ್ಲುವುದನ್ನು ಊಹಿಸಿಕೊಂಡರೆ ಕಾರಣ ತಿಳಿಯುತ್ತದೆ. ಆದರೆ ಅದರ ಫಲವಾಗಿ ನಮ್ಮಂಥವರಿಗೆ ನ್ಯಾಯಾಲಯದಲ್ಲಿ ಉಳಿದ ಸ್ಥಳಗಳು ಮೂರೇ: ಆರೋಪಿಯ ಕಟಕಟೆ, ಸಾಕ್ಷಿಯ ಕಟಕಟೆ, ಹೊರಗಿನ ಬೆಂಚು.

ಆ ಬೆಂಚಿನ ಬಗ್ಗೆಯೂ ಹೇಳಬೇಕು. ಸಾಕ್ಷಿಗಳಿಗೆ ಬೇರೆ ಕೋಣೆ ಇರಲಿಲ್ಲ. ಟಿಪ್ಪರ್ ಮಾಲೀಕನ ಕಡೆಯವರು ಮತ್ತು ನಾನು ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತು, ಹೆಸರು ಕೂಗುವುದನ್ನು ಕಾದೆವು. ಅವರಲ್ಲೊಬ್ಬ ನನಗೆ ಚಹಾ ಬೇಕೇ ಎಂದು ಮೇಲಿಂದ ಮೇಲೆ ಕೇಳುತ್ತಿದ್ದ, ಆ ಚಹಾದಲ್ಲಿ ಸಕ್ಕರೆಗಿಂತ ಬೇರೆ ಏನೋ ಬೆರೆತಿದೆ ಎಂಬುದು ಇಬ್ಬರಿಗೂ ತಿಳಿದಿತ್ತು. ಪ್ರಕರಣ ಮುಂದೆ ಹೋಯಿತು, ಇನ್ನೊಂದು ತಾರೀಖಿಗೆ ಮತ್ತೆ ಅರಬೈಲು ಘಟ್ಟ ಇಳಿಯಬೇಕಾಯಿತು. ಸಾಕ್ಷಿಗೆ ಪ್ರಯಾಣ ಭತ್ಯೆ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಕೇಳಿ ಪಡೆಯಬೇಕೆಂದು ಯಾರೂ ಹೇಳಲಿಲ್ಲ, ಕೇಳಿದಾಗ ಅರ್ಜಿ ಬರೆದುಕೊಡಿ ಎಂದರು, ಬರೆದುಕೊಟ್ಟ ಮೇಲೆ ಸಿಕ್ಕಿದ್ದು ಬಸ್ಸಿನ ಟಿಕೆಟ್ಟಿನಷ್ಟು. ಅಮೆರಿಕದ ಫೆಡರಲ್ ನ್ಯಾಯಾಲಯಗಳು ಜ್ಯೂರಿ ಸದಸ್ಯರಿಗೆ ದಿನಕ್ಕೆ 50 ಡಾಲರ್ ಕೊಡುತ್ತವೆ, ಆ ಸೇವೆಗಾಗಿ ರಜೆ ಹಾಕಿದವನನ್ನು ಮಾಲೀಕ ಕೆಲಸದಿಂದ ತೆಗೆಯುವಂತಿಲ್ಲ. ಇಲ್ಲಿ ಅಡಿಕೆ ತೋಟದ ದಿನಗೂಲಿ ಬಿಟ್ಟು ಬಂದ ಪಂಚನಿಗೆ ಅಂಥ ಆಸರೆ ಇಲ್ಲ. ಪಂಚರು ಕಟಕಟೆಯಲ್ಲಿ ತಿರುಗಿಬೀಳುವುದೇಕೆ ಎಂದು ಅಚ್ಚರಿಪಡುವವರು ಆ ಬೆಂಚಿನ ಮೇಲೆ ಅರ್ಧ ದಿನ ಕೂತು ನೋಡಬಹುದು.

ಒಳಗಿನ ವಿಚಾರಣೆಗೆ ಮಾತ್ರ ನನ್ನ ಮೆಚ್ಚುಗೆ ಇದೆ. ಪಾಟೀ ಸವಾಲಿನಲ್ಲಿ ಎದುರು ವಕೀಲರು, ಪೊಲೀಸರು ತೋರಿಸಿದಲ್ಲಿ ಸಹಿ ಹಾಕಿದಿರಿ ಅಲ್ಲವೇ ಎಂದು ಕೇಳಿದರು. ಅದು ಅವರ ಕೆಲಸ, ಉತ್ತರ ಕೊಟ್ಟೆ. ಮುಂದಿನ ಪ್ರಶ್ನೆ "ನಿಮ್ಮ ಜನ ಕೂಲಿ ಕೊಟ್ಟರೆ ಎಲ್ಲಿಗೆ ಬೇಕಾದರೂ ಬರುತ್ತಾರೆ, ಹೌದೋ ಅಲ್ಲವೋ?" ಎಂಬುದಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ, "ಸಾಕ್ಷಿ ಏನು ನೋಡಿದರು ಎಂಬುದನ್ನು ಕೇಳಿ. ಅವರ ಜನದ ವಿಷಯ ಇಲ್ಲಿ ಬೇಡ" ಎಂದರು. ಅವಮಾನಿಸುವುದಕ್ಕಾಗಿಯೇ ಕೇಳುವ ಪ್ರಶ್ನೆಯನ್ನು ತಡೆಯಬೇಕೆಂದು ಸಾಕ್ಷ್ಯ ಕಾನೂನೇ ನ್ಯಾಯಾಧೀಶರಿಗೆ ಹೇಳುತ್ತದೆ. ಅದನ್ನು ಯಾರೂ ಆಕ್ಷೇಪಿಸದೆಯೇ, ತಾವಾಗಿ, ದನಿ ಏರಿಸದೆ ಮಾಡಿದರು. ನಾನು ಹೇಳಿದ್ದನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿಸಿ, ಓದಿ ಕೇಳಿಸಿ, ಆಮೇಲೆ ಸಹಿ ಪಡೆದರು.

ಹೀಗಾಗಿ ವಕೀಲರಿಗೆ ಐದಕ್ಕೆ ಐದು, ವಿಚಾರಣೆಗೆ ನಾಲ್ಕು, ಕಾಯುವ ವ್ಯವಸ್ಥೆಗೆ ಎರಡು, ಗೇಟಿಗೆ ಒಂದು. ಗೇಟಿನ ಅಂಕ ಏರಿಸಲು ಹೊಸ ಕಾನೂನು ಬೇಕಾಗಿಲ್ಲ. ಕಾನೂನು ಸೇವಾ ಸಂಸ್ಥೆಗಳು ಊರಿನ ಸಾಮಾನ್ಯರನ್ನೇ ಆರಿಸಿ ತರಬೇತಿ ಕೊಟ್ಟು ಅರೆ ಕಾನೂನು ಸ್ವಯಂಸೇವಕರನ್ನಾಗಿ ನೇಮಿಸುತ್ತವೆ, ಅವರು ಕಚೇರಿಯ ಮುಂಭಾಗದಲ್ಲಿ ಕೂತು ಬಂದವರಿಗೆ ದಾರಿ ತೋರಿಸುತ್ತಾರೆ. ಲೋಕ ಅದಾಲತ್ತಿನ ಪೀಠದಲ್ಲಿಯೂ ನ್ಯಾಯಾಧೀಶರ ಜೊತೆಗೆ ಇತರರು ಕೂರಲು 1987ರ ಕಾಯ್ದೆ ಅವಕಾಶ ಕೊಟ್ಟಿದೆ. ಜ್ಯೂರಿ ಇಲ್ಲದ ದೇಶದಲ್ಲಿ ಸಾಮಾನ್ಯ ನಾಗರಿಕನಿಗೆ ಉಳಿದಿರುವ ಕುರ್ಚಿಗಳು ಇವೇ. ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ ಶಾಸನ ಮಾಡುವ ಮನೆಯಲ್ಲಿ ನಮಗೊಂದು ಸ್ಥಾನ ಸಿಕ್ಕಿತು. ತಾಲೂಕು ನ್ಯಾಯಾಲಯದ ಸಹಾಯ ಮೇಜು ಅದಕ್ಕಿಂತ ದೂರ ಇರಲಾರದು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನಲ್ಲಿ ಪದವಿ ಮುಗಿಸಿದ ಸಿದ್ದಿ ಹುಡುಗ ಹುಡುಗಿಯರು ಈ ಸ್ವಯಂಸೇವಕರಾಗಲು ಅರ್ಜಿ ಹಾಕಬೇಕೆಂದು ಹೇಳುತ್ತಿದ್ದೇನೆ, ಅಕ್ಕನ ಮಗಳು ಹಾಕಿಯೂ ಆಗಿದೆ.

ಬಳಸುವವರಿಗೆ ಇನ್ನೆರಡು ಮಾತು. ಜಾತಿ ಪ್ರಮಾಣಪತ್ರದ ನಕಲುಗಳನ್ನು ಮೊದಲೇ ಮಾಡಿಸಿಕೊಂಡು ಹೋಗಿ, ಆವರಣದ ಜೆರಾಕ್ಸ್ ಅಂಗಡಿಯಲ್ಲಿ ಯಾವಾಗಲೂ ಸಾಲು ಇರುತ್ತದೆ. ಅದಾಲತ್ತಿನಲ್ಲಿ ರಾಜಿಯಾದರೆ ಆದೇಶದ ಪ್ರತಿ ಯಾವಾಗ ಸಿಗುತ್ತದೆ ಮತ್ತು ಹಣ ಯಾವ ಖಾತೆಗೆ ಬರುತ್ತದೆ ಎಂಬುದನ್ನು ಮೇಜು ಬಿಟ್ಟು ಏಳುವ ಮೊದಲು ನಿಮ್ಮ ವಕೀಲರಿಂದ ಬರೆಸಿಕೊಳ್ಳಿ.